ಮಾವನ ಮೋಟಾರು

ನಮ್ಮ ಕಡೆ ಹರಾಜು ಎನ್ನುವುದನ್ನು ಧಾರವಾಡದ ಕಡೆಯವರು ಲಿಲಾವು ಎನ್ನುತ್ತಾರೆ. ಮಂಗಳೂರಿನ ಕಡೆ ಅದು ಏಲಂ. ಹರಾಜು ಅರಬ್ಬಿಯಲ್ಲಿ ಹುಟ್ಟಿ ಹಿಂದೂಸ್ತಾನಿಯ ಮೂಲಕ ಬಂದದ್ದು. ಉಳಿದೆರಡು ಪೋರ್ಚುಗೀಸರ ಒಂದೇ ಮಾತಿನ ಮಕ್ಕಳು, ಬೇರೆ ಬೇರೆ ಮನೆಯಲ್ಲಿ ಬೆಳೆದವು. ಮಾರುವವನ ಅವಸರ, ಕೊಳ್ಳುವವನ ಆಸೆ ಎರಡೂ ಈ ನೆಲದಲ್ಲಿ ಮೊದಲಿನಿಂದ ಇದ್ದೇ ಇದ್ದವು. ಅವೆರಡನ್ನೂ ಒಂದು ಕಟ್ಟೆಯ ಮೇಲೆ ನಿಲ್ಲಿಸಿ ಕೂಗಿಸುವುದಕ್ಕೆ ಮಾತ್ರ ನಾವು ಹೊರಗಿನಿಂದ ಹೆಸರು ತರಿಸಿಕೊಂಡೆವೆಂದು ಕಾಣುತ್ತದೆ.

ತುಮಕೂರು ಸೀಮೆಯಲ್ಲಿ ಹುಟ್ಟಿದವನಿಗೆ ಹರಾಜು ಎಂದರೆ ಮೊದಲು ನೆನಪಾಗುವುದು ಹುಣಿಸೆಮರ. ರಸ್ತೆಯ ಬದಿಯ ಮರ, ಕೆರೆಯ ಏರಿಯ ಮರ, ದೇವಸ್ಥಾನದ ಹಿತ್ತಿಲ ಮರ, ಇವುಗಳ ವರ್ಷದ ಫಸಲನ್ನು ಕೂಗಿ ಕೊಡುವುದು ಹಳೆಯ ಪದ್ಧತಿ. ಸವಾಲು ಹಾಕುವವನು ಹಿಂದಿನ ದಿನವೇ ಬಂದು, ಮರದ ಕೆಳಗೆ ನಿಂತು, ಕತ್ತೆತ್ತಿ ನೋಡಿ, ಎಷ್ಟು ಇಳಿದೀತೆಂದು ಮನಸ್ಸಿನಲ್ಲೇ ತೂಗಿಕೊಂಡು ಹೋಗಿರುತ್ತಾನೆ. ಹುಣಿಸೆಹಣ್ಣಿಗೆ ತುಮಕೂರಿನ ಮಂಡಿಯಲ್ಲಿ ಒಂದು ಧಾರಣೆಯಿದೆ. ಕೊಬ್ಬರಿಗೆ ತಿಪಟೂರಿನಲ್ಲಿ ಇದೆ. ಕೂಗು ಎಷ್ಟೇ ಏರಿದರೂ ಆ ಧಾರಣೆಯ ಆಸುಪಾಸಿನಲ್ಲಿಯೇ ನಿಲ್ಲಬೇಕು. ಒಬ್ಬನು ಬಂದು ಅದರ ಹತ್ತರಷ್ಟು ಕೂಗಿದನೆನ್ನಿ, ಊರಿನವರು ಅವನ ಮನೆಯವರಿಗೆ ಹೇಳಿಕಳಿಸುತ್ತಾರೆ.

ಧಾರಣೆಯೇ ಇಲ್ಲದ ಪದಾರ್ಥಗಳ ಹರಾಜು ಇನ್ನೊಂದಿದೆ. ಅದು ನಡೆಯುವುದು ದೂರದ ಊರುಗಳಲ್ಲಿ, ಕಂಬಳಿ ಹಾಸಿದ ಸಭಾಂಗಣಗಳಲ್ಲಿ. ಈಚೆಗೆ ಗಣಕಯಂತ್ರದ ಪರದೆಯ ಮೇಲೆ, ನಮ್ಮ ದೇಶದಲ್ಲಿಯೂ. ಅಲ್ಲಿ ಮಾರಾಟಕ್ಕೆ ಬರುವ ವಸ್ತುಗಳಲ್ಲಿ ಹಳೆಯ ಬ್ರಿಟಿಷ್ ಪಂದ್ಯದ ಕಾರುಗಳಿಗೆ ವಿಶೇಷ ಮರ್ಯಾದೆ. ಜಾಗ್ವಾರ್ ಕಂಪನಿಯ ಡಿ-ಟೈಪ್ ಎಂಬ ಕಾರು, 1956ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಗೆದ್ದದ್ದು, 2016ರಲ್ಲಿ ಅಮೆರಿಕದ ಹರಾಜಿನಲ್ಲಿ 2 ಕೋಟಿ 17 ಲಕ್ಷ ಡಾಲರಿಗೆ ಹೋಯಿತು. ಮರುವರ್ಷವೇ ಆಸ್ಟನ್ ಮಾರ್ಟಿನ್ ಕಂಪನಿಯ ಡಿಬಿಆರ್ 1 ಎಂಬುದು 2 ಕೋಟಿ 25 ಲಕ್ಷ ಡಾಲರು ಮುಟ್ಟಿತು. ನಮ್ಮ ರೂಪಾಯಿಯಲ್ಲಿ ನೂರನಲವತ್ತು ಕೋಟಿಗೂ ಮೇಲೆ. ಅದರಲ್ಲಿ ಸಾಮಾನು ಇಡಲು ಜಾಗವಿಲ್ಲ, ಮಳೆ ಬಂದರೆ ಮೇಲೆ ಸೂರಿಲ್ಲ. ಇಬ್ಬರು ಶ್ರೀಮಂತರಿಗೆ ಒಂದೇ ವಸ್ತು ಬೇಕೆನಿಸಿದರೆ ಅದರ ಬೆಲೆ ಎಲ್ಲಿಗೆ ಬೇಕಾದರೂ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಇದನ್ನೆಲ್ಲ ಕನ್ನಡದ ಅಧ್ಯಾಪಕನಾದ ನಾನು ತಿಳಿದುಕೊಳ್ಳಬೇಕಾಗಿ ಬಂದದ್ದು ನನ್ನ ಸೋದರಮಾವನಿಂದ. ಅವರು ಊರ್ಡಿಗೆರೆಯ ಬಳಿ ಅಡಕೆ, ತೆಂಗು ಮಾಡಿಕೊಂಡಿದ್ದವರು. ಅವರ ಆಸ್ತಿಯಲ್ಲಿ ಹೊಲ, ತೋಟ, ಮನೆ, ಎರಡು ಕೊಳವೆಬಾವಿಗಳ ಜೊತೆಗೆ ಒಂದು ಎಂ.ಜಿ. ಟಿ.ಸಿ. ಮೋಟಾರು ಕಾರೂ ಇತ್ತು. ಈಗಲೂ ಇದೆ. ಮುಂದಿನ ತಿಂಗಳು ಹರಾಜಿಗೆ ಹೋಗುತ್ತದೆ.

ಕಾರಿನ ಕುಲಗೋತ್ರವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ಎಂ.ಜಿ. ಎಂದರೆ ಮಾರಿಸ್ ಗರಾಜಸ್. ಬೈಸಿಕಲ್ ರಿಪೇರಿಯಿಂದ ಬದುಕು ಶುರುಮಾಡಿದ ವಿಲಿಯಂ ಮಾರಿಸ್ ಎಂಬಾತ ಆಕ್ಸ್‌ಫರ್ಡಿನಲ್ಲಿ ಇಟ್ಟಿದ್ದ ಮಳಿಗೆ. 1922ರಲ್ಲಿ ಅಲ್ಲಿ ವ್ಯವಸ್ಥಾಪಕನಾದ ಸೆಸಿಲ್ ಕಿಂಬರ್ ಎಂಬವನು ಮಾರಿಸ್ಸಿನ ಸಾಧಾರಣ ಕಾರುಗಳ ತಳದ ಮೇಲೆ ಹಗುರವಾದ, ನೋಡಲು ಚೆಲುವಾದ ಮೈ ಕಟ್ಟಿಸಿ ಮಾರತೊಡಗಿದ. ಎಂಟು ಮೂಲೆಯ ಚೌಕಟ್ಟಿನೊಳಗೆ ಎರಡಕ್ಷರ, ಅದೇ ಗುರುತು. 1929ರಿಂದ ಅಬಿಂಗ್ಡನ್ ಎಂಬ ಊರಿನಲ್ಲಿ ಕಾರ್ಖಾನೆ ನಡೆಯಿತು. ಟಿ.ಸಿ. ಮಾದರಿ ಹೊರಬಿದ್ದದ್ದು ಮಹಾಯುದ್ಧ ಮುಗಿದ 1945ರಲ್ಲಿ. ಕಿಂಬರ್ ಅದನ್ನು ನೋಡಲಿಲ್ಲ. ಅದೇ ವರ್ಷದ ಫೆಬ್ರವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ರೈಲು ಅಪಘಾತದಲ್ಲಿ ತೀರಿಕೊಂಡಿದ್ದ.

ಟಿ.ಸಿ. ಇಬ್ಬರು ಕೂರುವ ಕಾರು. ಎಂಜಿನ್ನು 1250 ಸಿ.ಸಿ., ಶಕ್ತಿ 54 ಕುದುರೆ. ಇಂದಿನ ಬಾಡಿಗೆ ಕಾರುಗಳಿಗೂ ಇದಕ್ಕಿಂತ ಹೆಚ್ಚಿನ ಬಲವಿರುತ್ತದೆ. ಹತ್ತೊಂಬತ್ತು ಅಂಗುಲದ ಎತ್ತರವಾದ ಚಕ್ರಗಳು, ಅವಕ್ಕೆ ಸೈಕಲ್ಲಿನಂತೆ ಕಡ್ಡಿಗಳು. ಮುಂದಿನ ಗಾಜನ್ನು ಮಡಚಿ ಮಲಗಿಸಬಹುದು. ಬೆನ್ನ ಹಿಂದೆ ಪೆಟ್ರೋಲಿನ ತೊಟ್ಟಿ, ಅದರ ಮೇಲೆ ಸ್ಟೆಪ್ನಿ. ಮೇಲುಗಡೆ ಬಟ್ಟೆಯ ಛಾವಣಿ. 1949ರ ವರೆಗೆ ಸುಮಾರು ಹತ್ತು ಸಾವಿರ ಕಾರುಗಳು ತಯಾರಾದವು. ಇಂಗ್ಲೆಂಡಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸಿಪಾಯಿಗಳು ಇಂಥ ಕಾರುಗಳಿಗೆ ಮನಸೋತರು. ಎಡಗಡೆ ಸ್ಟೀರಿಂಗ್ ಇಲ್ಲದಿದ್ದರೂ ಎರಡು ಸಾವಿರದಷ್ಟು ಟಿ.ಸಿ.ಗಳು ಆ ದೇಶಕ್ಕೆ ಹೋದವು.

ನಮ್ಮ ಮಾವ ಸಿಪಾಯಿಯೂ ಅಲ್ಲ, ಶ್ರೀಮಂತರೂ ಅಲ್ಲ. ಚಿಕ್ಕಮಗಳೂರಿನ ಕಡೆ ಕಾಫಿ ತೋಟವೊಂದರಲ್ಲಿದ್ದ ಬಿಳಿಯ ದೊರೆಯೊಬ್ಬ ಸ್ವದೇಶಕ್ಕೆ ಹೊರಟಾಗ, 1963ರಲ್ಲಿ, ಒಂದು ಜೊತೆ ಒಳ್ಳೆಯ ಹಳ್ಳಿಕಾರ್ ಎತ್ತುಗಳ ಬೆಲೆಗಿಂತ ಸ್ವಲ್ಪ ಮೇಲೆ ಕೊಟ್ಟು ಅದನ್ನು ತಂದರಂತೆ. ಎತ್ತಿನ ಲೆಕ್ಕ ನನ್ನದಲ್ಲ, ಅವರದೇ. ಮನೆಯವರು ಎತ್ತು ತರಲು ಕಳಿಸಿದ್ದರೆಂದೂ, ಅವರು ಇದನ್ನು ತಂದರೆಂದೂ ನಮ್ಮ ಅಜ್ಜಿ ಹೇಳುತ್ತಿದ್ದರು. ಹದಿನೈದು ದಿನ ಅಜ್ಜ ಮಗನೊಡನೆ ಮಾತಾಡಲಿಲ್ಲವಂತೆ. ಹದಿನಾರನೆಯ ದಿನ ದೇವರಾಯನದುರ್ಗದ ನರಸಿಂಹಸ್ವಾಮಿಯ ದರ್ಶನಕ್ಕೆ ಅದರಲ್ಲಿಯೇ ಕೂತು ಬೆಟ್ಟ ಹತ್ತಿದರಂತೆ. ತಿರುವುಗಳಲ್ಲಿ ಅಜ್ಜ ಒಂದು ಕೈಯಲ್ಲಿ ರುಮಾಲು, ಇನ್ನೊಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡಿದ್ದರೆಂದು ಕೇಳಿದ್ದೇನೆ. ದೇವರ ಹೆಸರನ್ನು ಅವರು ಅಷ್ಟು ಸಲ ಹೇಳಿದ್ದು ಅದೇ ಮೊದಲಂತೆ.

ಅದು ಷೋಕಿಯ ಕಾರು. ಆದರೆ ನಮ್ಮೂರಿನಲ್ಲಿ ಷೋಕಿ ಹೆಚ್ಚು ದಿನ ಷೋಕಿಯಾಗಿ ಉಳಿಯುವುದಿಲ್ಲ. ಬಸುರಿಯರನ್ನು ತುಮಕೂರಿನ ಆಸ್ಪತ್ರೆಗೆ ಸೇರಿಸಿತು. ಬಾಳೆಗೊನೆ ಹೊತ್ತಿತು. ಮದುವಣಿಗರನ್ನು ಕೂರಿಸಿಕೊಂಡು ಮೆರವಣಿಗೆ ಹೊರಟಿತು. ಸೂರಿಲ್ಲದ ಕಾರಾದ್ದರಿಂದ ಮದುಮಗಳು ಎಲ್ಲರಿಗೂ ಕಾಣುತ್ತಿದ್ದಳೆಂಬುದು ಅದರ ದೊಡ್ಡ ಗುಣ. ನಾನು ಚಿಕ್ಕವನಾಗಿದ್ದಾಗ ಸೀಟಿನ ಹಿಂದೆ ಸಾಮಾನಿಡುವ ಇಕ್ಕಟ್ಟಿನಲ್ಲಿ ಮುದುರಿ ಕೂತು ಅನೇಕ ಸಲ ಪೇಟೆ ನೋಡಿ ಬಂದಿದ್ದೇನೆ.

ಹೀಗೆ ದುಡಿದ ಕಾರು ಸವೆಯಬೇಕಲ್ಲ? ಸವೆಯಿತು. ಟಿ.ಸಿ.ಯ ಮೈ ಹೊರಗೆ ತಗಡು, ಒಳಗೆ ಮರದ ಚೌಕಟ್ಟು. ಇಂಗ್ಲೆಂಡಿನವರು ಅದಕ್ಕೆ ಆಷ್ ಎಂಬ ಮರ ಬಳಸುತ್ತಿದ್ದರು. ಕೊಡಲಿಯ ಕಾವಿಗೂ ಅಲ್ಲಿ ಅದೇ ಮರ. ಅವರ ದೇಶದ ಚಳಿಗೆ, ತೇವಕ್ಕೆ ಒಗ್ಗಿದ ಮರಕ್ಕೆ ನಮ್ಮ ಗೆದ್ದಲಿನ ಪರಿಚಯವಿರಲಿಲ್ಲ. ಒಂದು ಮಳೆಗಾಲ ಬಾಗಿಲು ತೆಗೆದರೆ ಬಾಗಿಲು ಕೈಗೇ ಬಂತು. ಮಾವ ಎದೆಗೆಡಲಿಲ್ಲ. ಊರಿನ ಬಡಗಿಯನ್ನು ಕರೆಸಿದರು. ಬಂಡಿಯ ಗುಂಬ ಕಡೆದು, ಬಾಗಿಲುವಾಡ ಕೂರಿಸಿ, ನೇಗಿಲು ಮಾಡಿ ಬದುಕುತ್ತಿದ್ದ ಆತ ಕಾರಿನ ಸುತ್ತ ಮೂರು ಸಲ ಸುತ್ತಿದ. ಗೆದ್ದಲು ತಿಂದ ಚೂರುಗಳನ್ನು ಒಂದೊಂದಾಗಿ ಬಿಚ್ಚಿ ಅಂಗಳದಲ್ಲಿ ಮೂಳೆಗಳನ್ನು ಜೋಡಿಸಿದಂತೆ ಜೋಡಿಸಿದ. ಹಿತ್ತಿಲಿನಲ್ಲಿ ಕೊಯ್ದು ಒಣಗಿಸಿಟ್ಟಿದ್ದ ಹಲಸಿನ ಮರವಿತ್ತು. ಉಳಿ, ಬಾಚಿ, ಉಜ್ಜುಗೊರಡು ಇಷ್ಟರಲ್ಲಿಯೇ ಚೌಕಟ್ಟಿನ ಅರ್ಧಭಾಗವನ್ನು ಹಲಸಿನಲ್ಲಿ ಕಡೆದು ಕೂರಿಸಿದ. ನಾನು ಆಗ ಎಂಟು ವರ್ಷದವನು. ಹಳದಿ ಹೊಟ್ಟು ಅಂಗಳದ ತುಂಬ ಹರಡಿದ್ದದ್ದೂ, ಅದರ ಸಿಹಿವಾಸನೆಯೂ ನೆನಪಿದೆ. ಆ ಚೌಕಟ್ಟು ಇಂದಿಗೂ ಗಟ್ಟಿಯಾಗಿದೆ.

ಚಕ್ರದ ಬೆಂಡು ತೆಗೆದವನು ಸೈಕಲ್ ಷಾಪಿನವನು. ಬಟ್ಟೆಯ ಛಾವಣಿ ಹರಿದಾಗ ತುಮಕೂರಿನ ಟಾರ್ಪಾಲು ಹೊಲಿಯುವವರು ಲಾರಿಯ ಬಟ್ಟೆಯಿಂದ ಹೊಸದು ಹೊಲಿದುಕೊಟ್ಟರು. ಎಂಜಿನ್ನಿನ ಕೆಲಸ ಅಂಬಾಸಿಡರ್ ರಿಪೇರಿ ಮಾಡುವ ಮಿಸ್ತ್ರಿಯೊಬ್ಬರ ಪಾಲು. ಅವರಿಗೆ ಅದು ಪೂರ್ತಿ ಪರಕೀಯವೇನಲ್ಲ. ಅಂಬಾಸಿಡರ್ ಎಂದರೆ ಮಾರಿಸ್ ಆಕ್ಸ್‌ಫರ್ಡ್ ಕಾರೇ. ಬಂಗಾಳದ ಉತ್ತರಪಾಡಾದಲ್ಲಿ ನಮ್ಮವರು ಅದನ್ನು 2014ರ ವರೆಗೆ ತಯಾರಿಸಿದರು. ಟಿ.ಸಿ.ಯ ವಂಶದಲ್ಲಿ ಮುಂದೆ 1955ರಲ್ಲಿ ಬಂದ ಎಂ.ಜಿ.ಎ. ಎಂಬ ಪಂದ್ಯದ ಕಾರಿಗೂ, ನಮ್ಮ ಅಂಬಾಸಿಡರಿಗೂ ಒಂದೇ ಮನೆಯ 1489 ಸಿ.ಸಿ. ಎಂಜಿನ್ನು. ಒಬ್ಬ ಅಣ್ಣ ಪಂದ್ಯದಲ್ಲಿ ಓಡಿದ; ಇನ್ನೊಬ್ಬ ಹನ್ನೊಂದು ಜನರನ್ನು ತುಂಬಿಕೊಂಡು ಗುಬ್ಬಿ, ಕುಣಿಗಲ್ಲುಗಳಿಗೆ ಬಾಡಿಗೆ ಹೊಡೆದ. ಸಂಬಂಧ ತಿಳಿದಿದ್ದ ಮಿಸ್ತ್ರಿ, ದೂರದ ನೆಂಟನ ಕಾಯಿಲೆ ನೋಡುವ ವೈದ್ಯನ ಹಾಗೆ ಟಿ.ಸಿ.ಯನ್ನು ನೋಡುತ್ತಿದ್ದರು.

ಮಾವ ತೀರಿಕೊಂಡರು. ಅತ್ತೆಗೆ ಎಂಬತ್ತೆರಡು ವರ್ಷ. ಇಬ್ಬರು ಗಂಡುಮಕ್ಕಳು ಬೆಂಗಳೂರಿನಲ್ಲಿ; ಗಂಡನನ್ನು ಕಳೆದುಕೊಂಡ ಮಗಳು ತಾಯಿಯ ಜೊತೆ ಊರಿನಲ್ಲಿಯೇ ಇದ್ದಾಳೆ. ಆಕೆಯ ಮಗ ಓದುತ್ತಿದ್ದಾನೆ. ಓದಿಗೆ ಮಾಡಿದ ಸಾಲವಿದೆ. ಹೊಲಕ್ಕೆ ಸರಪಳಿ ಹಿಡಿಯಬಹುದು, ತೋಟದ ಮರ ಎಣಿಸಬಹುದು, ಮನೆಯಲ್ಲಿ ಗೋಡೆ ಎಬ್ಬಿಸಬಹುದು. ಕಾರನ್ನು ನಾಲ್ಕು ಪಾಲು ಮಾಡುವುದು ಹೇಗೆ? ಚಕ್ರಗಳೇನೋ ನಾಲ್ಕಿವೆ ಎಂದು ಚಿಕ್ಕವನು ನಗೆಯಾಡಿದ. ಕೊನೆಗೆ ಮಾರಿ ಹಣ ಹಂಚಿಕೊಳ್ಳುವುದೆಂದಾಯಿತು. ಮಾರುವುದಾದರೆ ಹರಾಜಿನಲ್ಲಿಯೇ ಸರಿ, ಒಬ್ಬನಿಗೆ ಕೊಟ್ಟು ಇನ್ನೊಬ್ಬನಿಂದ ಮಾತು ಕೇಳುವುದು ಬೇಡ ಎಂದರು ದೊಡ್ಡ ಭಾವ.

ಹರಾಜಿನವರ ಕಡೆಯಿಂದ ಪರೀಕ್ಷಕರೊಬ್ಬರು ಬಂದರು. ಸಜ್ಜನರು, ವಿದ್ಯೆ ಬಲ್ಲವರು. ಬೂಟು ಬಿಚ್ಚಿ ಒಳಗೆ ಬಂದು ಅತ್ತೆಗೆ ಕೈಮುಗಿದು ಆಮೇಲೆ ಕೆಲಸಕ್ಕೆ ಕೂತರು. ದೀಪ ಹಿಡಿದು ಕಾರಿನ ಕೆಳಗೆ ತೂರಿದರು. ತಳದ ನಂಬರು, ಎಂಜಿನ್ನಿನ ನಂಬರು ಬರೆದುಕೊಂಡರು. ಎರಡೂ ಕಾರ್ಖಾನೆಯಿಂದ ಬಂದವೇ ಎಂದು ಸಂತೋಷಪಟ್ಟರು. ಬಾಗಿಲ ಸಂದಿನಲ್ಲಿ ದೀಪ ಬಿಟ್ಟಾಗ ಅವರ ಮುಖ ಸಪ್ಪಗಾಯಿತು. ಒಳಗೆ ಹಲಸು. ಅವರು ಎರಡು ಅಂಕಿ ಹೇಳಿದರು. ಎಲ್ಲವೂ ಮೂಲದಲ್ಲಿದ್ದಂತೆಯೇ ಇದ್ದರೆ ಬರುವ ಬೆಲೆ ಒಂದು. ಈಗಿರುವಂತೆ ಬರುವುದು ಅದರ ಮುಕ್ಕಾಲು. ಬಡಗಿ, ದರ್ಜಿ, ಮಿಸ್ತ್ರಿ ಮೂವರೂ ಸೇರಿ ಕಾರಿಗೆ ಮಾಡಿದ ಉಪಕಾರಕ್ಕೆ ಪೇಟೆ ಹಾಕಿದ ದಂಡ ನಾಲ್ಕನೆಯ ಒಂದು ಪಾಲು. ನಮ್ಮ ಅತ್ತಿಗೆಯ ಪಾಲು ಎಷ್ಟೋ ಹೆಚ್ಚುಕಡಿಮೆ ಅಷ್ಟೇ.

ಕಾನೂನಿನ ಮಾತೂ ಹೀಗೆಯೇ ಇದೆ. 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳಿಗೆಂದು ಬೇರೆ ನಿಯಮ ಮಾಡಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ್ದರೆ ಇಪ್ಪತ್ತು ಸಾವಿರ ರೂಪಾಯಿ ಕಟ್ಟಿ ವಿಂಟೇಜ್ ವಾಹನವೆಂದು ನೋಂದಾಯಿಸಿಕೊಳ್ಳಬಹುದು. ನಂಬರಿನ ಹಲಗೆಯಲ್ಲಿ ವಿ.ಎ. ಎಂಬ ಎರಡಕ್ಷರ ಬರುತ್ತದೆ. ಆದರೆ ವಾಹನ ತನ್ನ ಮೂಲರೂಪದಲ್ಲಿರಬೇಕು. ತಳ, ಮೈ, ಎಂಜಿನ್ನುಗಳಲ್ಲಿ ಗಣನೀಯವಾದ ಮಾರ್ಪಾಡು ಆಗಿರಬಾರದು. ಗೆದ್ದಲು ತಿಂದ ಮರದ ಜಾಗಕ್ಕೆ ಅದೇ ಅಳತೆಯ ಬೇರೆ ಮರ ಹಾಕಿದರೆ ಅದು ಮಾರ್ಪಾಡೋ, ರಿಪೇರಿಯೋ? ಇದನ್ನು ನಿರ್ಣಯಿಸುವವರು ಅಧಿಕಾರಿಗಳು. ನನಗೆ ಮಾತ್ರ ಈ ಪ್ರಶ್ನೆಯನ್ನು ಎಲ್ಲೋ ಕೇಳಿದ್ದೇನೆನಿಸಿತು. ಎಲ್ಲಿ? ನಾನೇ ಪಾಠ ಮಾಡುವ ತರಗತಿಯಲ್ಲಿ!

ನಮ್ಮ ವ್ಯಾಕರಣದಲ್ಲಿ ತತ್ಸಮ, ತದ್ಭವ ಎಂದು ಎರಡಿವೆ. ಬಂದ ಹಾಗೆಯೇ ಇರುವ ಮಾತು ತತ್ಸಮ. ಬಂದ ಮೇಲೆ ಇಲ್ಲಿಯವರ ಬಾಯಿಗೆ ಸಿಕ್ಕಿ ಸವೆದು, ಒಡೆದು, ಹೊಸದಾಗಿ ಕೂಡಿಕೊಂಡದ್ದು ತದ್ಭವ. ವರ್ಣ ಬಣ್ಣವಾಯಿತು, ವನ ಬನವಾಯಿತು, ಆಶ್ಚರ್ಯ ಅಚ್ಚರಿಯಾಯಿತು, ಪುಸ್ತಕ ಹೊತ್ತಗೆಯಾಯಿತು. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಇವಕ್ಕಾಗಿ ಒಂದು ಪ್ರಕರಣವನ್ನೇ ಮೀಸಲಿಟ್ಟು, ಅದಕ್ಕೆ ಅಪಭ್ರಂಶವೆಂದು ಹೆಸರಿಟ್ಟ. ಹೆಸರಿನಲ್ಲಿ ಕೆಳಗೆ ಬಿದ್ದದ್ದು ಎಂಬ ಅರ್ಥವಿದ್ದರೂ, ಅವು ಹೇಗೆ ಬದಲಾದುವೆಂಬುದನ್ನು ಒಂದೊಂದಾಗಿ ಕಟ್ಟಳೆ ಹಾಕಿ ತೋರಿಸಿದ; ಭಾಷೆಯಿಂದ ತೆಗೆದುಹಾಕಲಿಲ್ಲ. ಇಂದು ಬಣ್ಣ ಎಂಬ ಮಾತನ್ನು ಬಿಚ್ಚಿ ವರ್ಣವನ್ನು ಮತ್ತೆ ಕೂರಿಸುತ್ತೇನೆಂದು ಯಾರಾದರೂ ಹೊರಟರೆ ಸೀರೆ ಅಂಗಡಿಯಲ್ಲಿ ವ್ಯಾಪಾರವೇ ನಡೆಯದು. ಮಾವನ ಮೋಟಾರು ಇಂಗ್ಲೆಂಡಿನಿಂದ ತತ್ಸಮವಾಗಿ ಬಂತು, ಊರ್ಡಿಗೆರೆಯಲ್ಲಿ ತದ್ಭವವಾಯಿತು. ಹರಾಜಿನವರು ಕೇಳುತ್ತಿರುವುದು ತತ್ಸಮವನ್ನು.

ಮಾತಿನ ವಿಷಯವೇ ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಸ್ಟೆಪ್ನಿ ಎನ್ನುತ್ತೇವಲ್ಲ, ಅದು ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನ ಒಂದು ಬೀದಿಯ ಹೆಸರು. ಕಳೆದ ಶತಮಾನದ ಮೊದಲ ವರ್ಷಗಳಲ್ಲಿ ಆ ಬೀದಿಯಲ್ಲಿ ಬಿಡಿಚಕ್ರ ಮಾಡಿ ಮಾರುತ್ತಿದ್ದರು. ಅಲ್ಲಿಯ ಜನ ದಿನಬಳಕೆಯಲ್ಲಿ ಆ ಮಾತನ್ನು ಬಿಟ್ಟಿದ್ದಾರೆ. ನಮ್ಮಲ್ಲಿ ಪಂಕ್ಚರ್ ಅಂಗಡಿಯ ಹುಡುಗನಿಗೂ ಅದು ಮನೆಮಾತು. ಮೂಲದವರು ಎಸೆದದ್ದನ್ನು ಜೋಪಾನ ಮಾಡಿದವರು ನಾವು. ಆ ಮಾತಿಗೆ ಹರಾಜಿನಲ್ಲಿ ಯಾರೂ ಬೆಲೆ ಕಟ್ಟಲಾರರು ಎಂಬುದಷ್ಟೇ ಸಮಾಧಾನ.

ಇನ್ನು ಮೂಲ, ಮೂಲ ಎನ್ನುವರಲ್ಲ, ಆ ಮೂಲದಲ್ಲಿಯಾದರೂ ಎಲ್ಲವೂ ಒಂದೇ ಕುಲದ್ದೇ? ಮಿಸ್ತ್ರಿ ಒಮ್ಮೆ ಎಂಜಿನ್ನಿನ ಬೋಲ್ಟೊಂದನ್ನು ನನ್ನ ಕೈಗಿಟ್ಟು, ಇದರ ತಲೆಯೊಂದು ಜಾತಿ, ಮರೆಯೊಂದು ಜಾತಿ ಎಂದಿದ್ದರು. ಹಾಸ್ಯವೆಂದುಕೊಂಡಿದ್ದೆ. ಮಾತು ಅಕ್ಷರಶಃ ನಿಜ. ಮಾರಿಸ್ 1923ರಲ್ಲಿ ಕಾವೆಂಟ್ರಿಯಲ್ಲಿದ್ದ ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿಯ ಕಾರ್ಖಾನೆಯನ್ನು ಕೊಂಡ. ಅಲ್ಲಿಯ ಯಂತ್ರಗಳು ಕಡೆಯುತ್ತಿದ್ದುದು ಮೆಟ್ರಿಕ್ ಮರೆ; ಇಂಗ್ಲೆಂಡಿನ ಮಿಸ್ತ್ರಿಗಳ ಕೈಯಲ್ಲಿದ್ದುದು ವಿಟ್‌ವರ್ತ್ ಅಳತೆಯ ಸ್ಪ್ಯಾನರು. ಆದ್ದರಿಂದ ಬೋಲ್ಟಿನ ತಿರುಪು ಫ್ರೆಂಚರದಾಗಿಯೂ ತಲೆ ಇಂಗ್ಲಿಷರದಾಗಿಯೂ ಉಳಿಯಿತು, ಟಿ.ಸಿ.ಯ ಎಂಜಿನ್ನಿನಲ್ಲಿಯೂ ಅದೇ ಸಂಪ್ರದಾಯ. ಎಂ.ಜಿ. ಹುಟ್ಟಿದ್ದೇ ಮಾರಿಸ್ ಕಾರಿನ ಮೈ ಬದಲಾಯಿಸುವುದರಿಂದ ಎಂಬುದನ್ನು ಆಗಲೇ ಹೇಳಿದೆ. ಆ ಹೆಸರಿನ ಮುಂದಿನ ಕಥೆಯೂ ಹಾಗೆಯೇ. ಅಬಿಂಗ್ಡನ್ನಿನ ಕಾರ್ಖಾನೆ 1980ರಲ್ಲಿ ಮುಚ್ಚಿತು. ಹೆಸರು ಕೈಯಿಂದ ಕೈಗೆ ದಾಟಿ 2005ರಲ್ಲಿ ಚೀನೀಯರಿಗೆ ಹೋಯಿತು. 2019ರಿಂದ ಗುಜರಾತಿನ ಹಾಲೋಲಿನಲ್ಲಿ ತಯಾರಾಗುವ ಕಾರುಗಳ ಮೂತಿಯ ಮೇಲೆ ಅದೇ ಎಂಟು ಮೂಲೆಯ ಗುರುತಿದೆ. ಅವು ಎಂ.ಜಿ. ಅಲ್ಲವೆಂದು ಯಾವ ಅಂಗಡಿಯವನೂ ಬೆಲೆ ಇಳಿಸಿಲ್ಲ.

ಇಂಗ್ಲೆಂಡಿನ ನ್ಯಾಯಾಲಯವೊಂದು ಇದೇ ಜಿಜ್ಞಾಸೆಯಲ್ಲಿ ತೀರ್ಪು ಕೊಟ್ಟದ್ದುಂಟು. ಬೆಂಟ್ಲಿ ಕಂಪನಿಯ ಒಂದು ಕಾರು, ‘ಓಲ್ಡ್ ನಂಬರ್ ಒನ್’ ಎಂಬುದು, 1929 ಮತ್ತು 1930ರಲ್ಲಿ ಲ ಮಾನ್ ಪಂದ್ಯವನ್ನು ಗೆದ್ದಿತ್ತು. ಆಮೇಲೆ ಅದಕ್ಕೆ ದೊಡ್ಡ ಎಂಜಿನ್ನು ಹಾಕಿದರು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಂದ್ಯದಲ್ಲಿ ಅದು ಉರುಳಿ ಚಾಲಕ ಸತ್ತ. ಕಾರನ್ನು ಮತ್ತೆ ಕಟ್ಟಿದರು. ಹೀಗೆ ಕಟ್ಟಿ, ಬಿಚ್ಚಿ, ಕೊನೆಗೆ ಗೆದ್ದ ದಿನದ ಸಾಮಾನು ಅದರಲ್ಲಿ ಬಹಳ ಸ್ವಲ್ಪ ಉಳಿದಿತ್ತು. ಅದನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು ಆಮೇಲೆ, ಇದು ಆ ಕಾರೇ ಅಲ್ಲ ಎಂದು ತಕರಾರು ತೆಗೆದರು. 1990ರಲ್ಲಿ ನ್ಯಾಯಾಧೀಶರು ಹೇಳಿದ್ದರ ಸಾರಾಂಶ ಇಷ್ಟು: ಭಾಗಗಳು ಬದಲಾಗಿವೆ, ನಿಜ, ಆದರೆ ಈ ಕಾರು ಒಂದು ದಿನವೂ ಬೇರೊಂದು ಕಾರಾಗಲಿಲ್ಲ. ಅದರ ಚರಿತ್ರೆ ನಡುವೆ ಎಲ್ಲಿಯೂ ಕಡಿದಿಲ್ಲ. ಆದ್ದರಿಂದ ಇದು ಅದೇ.

ನಮ್ಮ ಹಳ್ಳಿಗರಿಗೆ ಈ ತೀರ್ಪು ಹೊಸದೆನಿಸದು. ತೇರಿನ ಗಾಲಿ ಹೋದರೆ ಗಾಲಿ ಮಾಡಿಸುತ್ತಾರೆ, ಅಚ್ಚು ಮುರಿದರೆ ಅಚ್ಚು ಮಾಡಿಸುತ್ತಾರೆ, ಒಂದು ತಲೆಮಾರಿನಲ್ಲಿ ಮೇಲಿನ ಅಟ್ಟಣೆಯನ್ನೇ ಹೊಸದಾಗಿ ಕಟ್ಟಿಸುತ್ತಾರೆ. ಇದು ನಮ್ಮಜ್ಜ ಎಳೆದ ತೇರೋ ಅಲ್ಲವೋ ಎಂದು ಹಗ್ಗ ಹಿಡಿದವನು ಯಾವತ್ತೂ ಕೇಳಿಲ್ಲ.

ಹಾಗೆಂದು ಪರೀಕ್ಷಕರ ಮಾತನ್ನು ತಳ್ಳಿಹಾಕುವ ಹಾಗೂ ಇಲ್ಲ. ಹಳೆಯ ತಳದ ನಂಬರಿನ ತುಂಡೊಂದು ಸಿಕ್ಕರೆ ಅದರ ಸುತ್ತ ಹೊಸ ಕಾರು ಕಟ್ಟಿ ಹಳೆಯದೆಂದು ಮಾರುವವರು ಪ್ರಪಂಚದಲ್ಲಿದ್ದಾರೆ. ಕೊಳ್ಳುವವನು ಜೀವಮಾನದ ಗಳಿಕೆ ಹಾಕುವಾಗ ಒಳಗೇನಿದೆಯೆಂದು ತಿಳಿಯುವ ಹಕ್ಕು ಅವನಿಗಿದೆ. ನಾವು ಓಲೆಗರಿ ಓದುವವರು ಮಾಡುವುದಾದರೂ ಏನು? ಲಿಪಿಕಾರನು ಸೇರಿಸಿದ್ದು ಯಾವುದು, ಕವಿ ಬರೆದದ್ದು ಯಾವುದು ಎಂದು ಹಗಲಿರುಳು ಜಗಳವಾಡುತ್ತೇವೆ. ಮೂಲದ ಆಸೆ ಕೆಟ್ಟದ್ದೆಂದು ಹೇಳುವ ಬಾಯಿ ನನ್ನಂಥವನಿಗಿಲ್ಲ. ಆದರೆ ಒಳ್ಳೆಯ ಸಂಪಾದಕನು ಲಿಪಿಕಾರನ ಮಾತನ್ನು ಅಳಿಸಿಹಾಕುವುದಿಲ್ಲ. ಪುಟದ ಕೆಳಗೆ ಸಣ್ಣಕ್ಷರದಲ್ಲಿ ಪಾಠಾಂತರವೆಂದು ಕೊಡುತ್ತಾನೆ. ಮುಂದಿನವರು ನೋಡಿಕೊಳ್ಳಲಿ. ಆ ಲಿಪಿಕಾರನಿಲ್ಲದಿದ್ದರೆ ಕಾವ್ಯವೇ ಗೆದ್ದಲ ಪಾಲಾಗುತ್ತಿತ್ತೆಂಬುದು ಅವನಿಗೆ ಗೊತ್ತು.

ಆದ್ದರಿಂದ, ಹರಾಜಿನ ಪಟ್ಟಿಯಲ್ಲಿ ಹಾಕಲು ಕಾರಿನ ಚರಿತ್ರೆಯನ್ನು ಬರೆದುಕೊಡು ಎಂದು ಅತ್ತೆ ಹೇಳಿದಾಗ ನಾನು ಎಲ್ಲವನ್ನೂ ಬರೆದೆ. ಯಾವ ವರ್ಷ ಯಾವ ಭಾಗ ಕೆಟ್ಟಿತು, ಯಾರು ಸರಿಮಾಡಿದರು, ಯಾವ ಮರ, ಎಲ್ಲಿಯ ಬಟ್ಟೆ. ಬಿಚ್ಚಿ ತೆಗೆದ ಆಷ್ ಮರದ ತುಂಡುಗಳಲ್ಲಿ ಅಟ್ಟದ ಮೇಲೆ ಉಳಿದಿರುವುವು ಎಷ್ಟು. ನಾಲ್ಕು ಪುಟವಾಯಿತು. ದೊಡ್ಡ ಭಾವ ಓದಿ ಕನ್ನಡಕ ತೆಗೆದರು.

“ಅಲ್ಲಯ್ಯಾ, ಪರೀಕ್ಷಕರು ನೋಡಿದ್ದು ಬಾಗಿಲು ಒಂದೇ. ಹಿಂದಿನ ಕಂಬ, ತಳದ ಪಟ್ಟಿ ಎಲ್ಲಾ ಹಲಸು ಅಂತ ನೀನೇ ಯಾಕೆ ಹೇಳ್ತೀಯ? ಮುಕ್ಕಾಲು ಅಂದಿದ್ದು ಅರ್ಧ ಆಗುತ್ತೆ. ತಂಗಿ ಸಾಲ ತೀರಬೇಕೋ ಬೇಡವೋ?”

ಭಾವನದು ದುರಾಸೆಯ ಮಾತಲ್ಲ. ತನ್ನ ಪಾಲನ್ನು ತಂಗಿಗೇ ಬಿಟ್ಟುಕೊಡುವುದಾಗಿ ಅವರು ಮೊದಲೇ ಹೇಳಿದ್ದರು. ಹಾಗಾಗಿ ಉತ್ತರ ಕಷ್ಟವಾಯಿತು. ಸಾಲವೆಂಬುದು ಪಾಠಾಂತರಗಳಿಂದ ತೀರುವಂಥದಲ್ಲ. ನಾನು ಅತ್ತಿಗೆಯ ಮುಖ ನೋಡಿದೆ. ಆಕೆ ತಾಯಿಯ ಮುಖ ನೋಡಿದಳು.

ಅತ್ತೆ ಅಡಕೆ ಕತ್ತರಿಸುತ್ತಿದ್ದವರು ಕತ್ತರಿ ಕೆಳಗಿಟ್ಟರು. “ಸಿದ್ಧಗಂಗೆ ಜಾತ್ರೇಲಿ ನಿಮ್ಮಪ್ಪ ಎತ್ತು ಮಾರೋವಾಗ ಏನು ಮಾಡ್ತಿದ್ರು, ಗೊತ್ತಲ್ಲ? ಟವೆಲ್ ಕೆಳಗೆ ಬೆರಳು ಹಿಡಿಯೋ ಮುಂಚೆ ಸುಳಿ ತೋರಿಸೋರು. ಕೆಟ್ಟ ಸುಳಿ ಇದ್ರೆ ಅದನ್ನೇ ಮೊದಲು ತೋರಿಸೋರು. ಕೊಂಡೋನು ಮನೆಗೆ ಹೋಗಿ ನೋಡ್ಕೊಂಡು ನಮ್ಮ ಮನೆ ಹೆಸರು ಹೇಳಿ ಬೈಯಬಾರದು ಅಂತ. ಈ ಕಾರಿಗೂ ಸುಳಿ ಬರೆದಿದಾನೆ ಹುಡುಗ, ಇರಲಿ ಬಿಡು. ಆ ಬಡಗಿ ಹದಿನೆಂಟು ದಿನ ನಮ್ಮ ಅಂಗಳದಲ್ಲಿ ಕೂತು ಮಾಡಿದ ಕೆಲಸ ಅದು. ಮುಚ್ಚಿಡೋದಕ್ಕೆ ಅದೇನು ಕಳ್ಳತನವೇ?”

ಸುಳಿಯ ವಿಷಯ ಪೇಟೆಯ ಓದುಗರಿಗೆ ತಿಳಿಯದಿದ್ದರೆ ಹೇಳುತ್ತೇನೆ. ದನದ ಮೈಮೇಲೆ ರೋಮ ಸುತ್ತಿಕೊಂಡು ಹುಟ್ಟಿನಿಂದ ಬರುವ ಗುರುತು ಅದು. ಯಾವ ಜಾಗದಲ್ಲಿದ್ದರೆ ಶುಭ, ಯಾವ ಜಾಗದಲ್ಲಿದ್ದರೆ ಅಶುಭ ಎಂದು ರೈತರಲ್ಲಿ ಒಂದು ಶಾಸ್ತ್ರವೇ ಇದೆ. ಸುಳಿಯಿಂದ ಬೆಲೆ ಇಳಿಯುತ್ತದೆ; ಎತ್ತು ಎಳೆಯುವುದು ಮಾತ್ರ ಹೆಗಲಿನಿಂದ.

ಭಾವ ಎದುರು ಮಾತಾಡಲಿಲ್ಲ. ನಾಲ್ಕು ಪುಟವನ್ನು ಬೆಂಗಳೂರಿನ ಪರಿಚಿತರೊಬ್ಬರಿಂದ ಇಂಗ್ಲಿಷಿಗೆ ಮಾಡಿಸಿ ತಾವೇ ಕಳಿಸಿಕೊಟ್ಟರು. ಹಲಸು ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ನನಗೆ ಫೋನು ಮಾಡಿ ಕೇಳಿದರು. ಹೇಳಿದೆ. ಆ ಮಾತೂ ಪೋರ್ಚುಗೀಸರು ಮಲೆಯಾಳದ ಚಕ್ಕ ಎಂಬುದನ್ನು ಹಿಡಿದು ಕೆಡಿಸಿಕೊಂಡದ್ದು ಎಂದು ಸೇರಿಸಿದೆ. ಅದೆಲ್ಲ ಬೇಡ ಎಂದು ಫೋನು ಇಟ್ಟರು.

ಬೆಲೆ ಎಷ್ಟು ಬರುತ್ತದೋ ಹರಾಜಿನ ದಿನ ತಿಳಿಯುತ್ತದೆ. ಕೊಂಡವರು ಹಲಸನ್ನು ಕಿತ್ತು ಆಷ್ ಮರ ತರಿಸಿ ಮತ್ತೆ ತತ್ಸಮ ಮಾಡಿದರೂ ಮಾಡಬಹುದು. ಅದು ಅವರ ಹಕ್ಕು. ಕಾಗದವೊಂದು ಕಾರಿನ ಜೊತೆ ಹೋಗುತ್ತದೆ. ಅದರಲ್ಲಿ ಬಡಗಿಯ ಹೆಸರಿದೆ, ದರ್ಜಿಯ ಹೆಸರಿದೆ, ಮಿಸ್ತ್ರಿಯ ಹೆಸರಿದೆ. ಆ ಮೂವರೂ ಬದುಕಿಲ್ಲ. ಅವರ ಹೆಸರನ್ನು ಯಾವ ಪತ್ರಿಕೆಯೂ ಅಚ್ಚುಮಾಡಿರಲಿಲ್ಲ.

ಮೊನ್ನೆ ಅತ್ತೆ ಕೇಳಿದರು: “ಕೊಂಡೋರು ಅದನ್ನ ಓಡಿಸ್ತಾರೇನಪ್ಪ, ಇಲ್ಲಾ ಗೊಂಬೆ ಹಾಗೆ ಇಟ್ಕೋತಾರೋ?”

ನಾನು ನಿಯಮ ತೆಗೆದು ಓದಿ ಹೇಳಿದೆ. ವಿ.ಎ. ನೋಂದಣಿಯಾದ ವಾಹನವನ್ನು ದಿನವೂ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ರಿಪೇರಿಗೆ, ಮತ್ತೆ ಪೆಟ್ರೋಲು ತುಂಬಿಸಿಕೊಂಡು ಬರುವುದಕ್ಕೆ ಮಾತ್ರ ರಸ್ತೆಗಿಳಿಸಬಹುದು.

“ಪೆಟ್ರೋಲು ಹಾಕಿಸೋಕೆ ಹೋಗಬಹುದಂತಾ?”

“ಹೋಗಬಹುದು, ಅತ್ತೆ.”

“ಹಂಗಾದ್ರೆ ಸಾಕು,” ಎಂದು ಅತ್ತೆ ನಕ್ಕರು. “ನಿಮ್ಮ ಮಾವನೂ ಮನೇಲಿ ಹಂಗೇ ಹೇಳಿ ಹೊರಡ್ತಿದ್ರು. ಪೆಟ್ರೋಲು ಹಾಕಿಸ್ಕೊಂಡು ಬರ್ತೀನಿ ಅಂತ ಬೆಳಿಗ್ಗೆ ಹೋದೋರು ಬರ್ತಿದ್ದುದು ದೀಪ ಹಚ್ಚೋ ಹೊತ್ತಿಗೆ.”